ದಿನಾ 5 ಕಿ.ಮೀ. ಓಡಿದರೂ ಬೀಪ್ ಟೆಸ್ಟ್‌ನಲ್ಲಿ ಬೇಗ ಸುಸ್ತು, ಯಾಕೆ?

ಪ್ರಶ್ನೆ: ದಿನಾ ಬೆಳಿಗ್ಗೆ 35 ನಿಮಿಷದಲ್ಲಿ 5 ಕಿ.ಮೀ. ಓಡುತ್ತೇನೆ, ಮಧ್ಯೆ ಎಲ್ಲೂ ನಿಲ್ಲುವುದಿಲ್ಲ. ಆದರೆ 20 ಮೀಟರ್ ದೂರದ ಎರಡು ಗೆರೆಗಳ ನಡುವೆ ಬೀಪ್ ಸದ್ದಿಗೆ ಸರಿಯಾಗಿ ಹಿಂದಕ್ಕೂ ಮುಂದಕ್ಕೂ ಓಡುವ ಬೀಪ್ ಟೆಸ್ಟ್‌ನಲ್ಲಿ 5ನೇ ಹಂತಕ್ಕೇ ಏದುಸಿರು ಬಂದು ನಿಂತೆ. ನನ್ನ ಸ್ಟ್ಯಾಮಿನಾ ಇಷ್ಟೇನಾ?

ಉತ್ತರ: ಬೇಜಾರು ಮಾಡ್ಕೋಬೇಡಿ. ಮೊದಲು ನಿಮ್ಮದೇ ಲೆಕ್ಕ ನೋಡೋಣ. 35 ನಿಮಿಷಕ್ಕೆ 5 ಕಿ.ಮೀ. ಅಂದರೆ ಗಂಟೆಗೆ ಸುಮಾರು 8.6 ಕಿ.ಮೀ. ಬೀಪ್ ಟೆಸ್ಟ್ ಶುರುವಾಗುವುದೇ 8.5ರಿಂದ! ಆಮೇಲೆ ನಿಮಿಷಕ್ಕೊಮ್ಮೆ ವೇಗ ಗಂಟೆಗೆ ಅರ್ಧರ್ಧ ಕಿ.ಮೀ. ಏರುತ್ತದೆ. 5ನೇ ಹಂತದಲ್ಲಿ ನೀವು 10.5ರಲ್ಲಿದ್ದಿರಿ. ಆ ವೇಗ ನಿಮ್ಮ ಕಾಲಿಗೂ ಹೊಸದು, ಉಸಿರಿಗೂ ಹೊಸದು.

ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಲುಕ್ ಲೆಜೆ 1980ರ ದಶಕದಲ್ಲಿ ಈ ಟೆಸ್ಟ್ ರೂಪಿಸಿದ್ದು, ದೇಹ ಹೆಚ್ಚೆಂದರೆ ಎಷ್ಟು ಆಮ್ಲಜನಕ ಬಳಸಬಲ್ಲದು ಎಂದು ಲ್ಯಾಬ್ ಇಲ್ಲದೆಯೇ ಅಂದಾಜು ಮಾಡಲು. ದೊಡ್ಡವರಿಗೆ ಲೆಕ್ಕ ಸುಲಭ: ಕೊನೆಯ ಹಂತದ ವೇಗವನ್ನು 6ರಿಂದ ಗುಣಿಸಿ, 27.4 ಕಳೆಯಿರಿ. ನಿಮ್ಮದು 35.6 ಬರುತ್ತದೆ. ಅಂದರೆ ಪ್ರತಿ ಕೆ.ಜಿ. ತೂಕಕ್ಕೆ ನಿಮಿಷಕ್ಕೆ ಅಷ್ಟು ಮಿ.ಲೀ. ಆಮ್ಲಜನಕ.

ಆದರೆ ಇದು ಅಂದಾಜು ಅಷ್ಟೇ. ಯಾಕೆಂದರೆ ಇಲ್ಲಿ ತಿರುಗುವ ಕೆಲಸವೂ ಇದೆ. 5ನೇ ಹಂತ ಮುಗಿಸುವಷ್ಟರಲ್ಲಿ ಹತ್ತಿರ ಹತ್ತಿರ 40 ಸಲ 20 ಮೀಟರ್ ಓಡಿರುತ್ತೀರಿ. ಪ್ರತಿ ಸಲವೂ ಬ್ರೇಕ್ ಹಾಕಬೇಕು, ತಿರುಗಬೇಕು, ನಿಂತಲ್ಲಿಂದ ಮತ್ತೆ ವೇಗ ಹಿಡಿಯಬೇಕು. ನೇರ ರಸ್ತೆಯಲ್ಲಿ ಓಡುವವರ ತೊಡೆಗೆ ಈ ಅಭ್ಯಾಸವೇ ಇರುವುದಿಲ್ಲ ಅಲ್ವಾ? ಎಷ್ಟೋ ಜನ ಬಸ್ಸು ತಿರುಗಿದ ಹಾಗೆ ಗೆರೆ ದಾಟಿ ದೊಡ್ಡ ಸುತ್ತು ಹಾಕುತ್ತಾರೆ. ಸುಮ್ನೆ ದಂಡ. ಗೆರೆ ಎರಡು ಹೆಜ್ಜೆ ದೂರ ಇರುವಾಗಲೇ ಹೆಜ್ಜೆ ಚಿಕ್ಕದು ಮಾಡಿ, ಮಂಡಿ ಬಗ್ಗಿಸಿ, ಪಾದವನ್ನು ಗೆರೆ ಮೇಲೆ ಅಡ್ಡಕ್ಕೆ ಊರಿ, ಅದರಿಂದಲೇ ನೆಲ ಒದ್ದು ವಾಪಸ್ ಹೊರಡಿ. ಒಂದು ಸಲ ಬಲಗಾಲು, ಇನ್ನೊಂದು ಸಲ ಎಡಗಾಲು. ಒಂದೇ ಕಾಲಿಗೆ ಭಾರ ಬೀಳಬಾರದು.

ಇನ್ನೊಂದು ವಿಷಯ ಕೇಳಲೇಬೇಕು. ಆ 20 ಮೀಟರನ್ನು ಟೇಪ್ ಹಿಡಿದು ಅಳೆದಿದ್ದರಾ, ಹೆಜ್ಜೆ ಹಾಕಿ ಅಳೆದಿದ್ದರಾ? ಒಂದೇ ಒಂದು ಮೀಟರ್ ಜಾಸ್ತಿಯಾದರೂ ನೀವು ನೂರಕ್ಕೆ ಐದರಷ್ಟು ಜೋರಾಗಿ ಓಡಬೇಕು. 10ರ ವೇಗ 10.5 ಆಗುತ್ತದೆ. ಒಂದು ಇಡೀ ಹಂತ ಕೈಬಿಟ್ಟು ಹೋಯಿತು!

ಕ್ರಿಕೆಟಿಗರ 16.1ನ್ನು ನಿಮ್ಮ 5ರ ಪಕ್ಕ ಇಟ್ಟು ನೋಡಬೇಡಿ. 2017ರ ಹೊತ್ತಿಗೆ ಭಾರತ ತಂಡಕ್ಕಿದ್ದ ಆ ಗುರಿ ಯೋ ಯೋ ಟೆಸ್ಟ್‌ನದು. ಅದರಲ್ಲಿ ಪ್ರತಿ 40 ಮೀಟರ್ ಆದಮೇಲೆ 10 ಸೆಕೆಂಡ್ ಬಿಡುವು ಇದೆ, ಹಂತಗಳ ಲೆಕ್ಕವೂ ಬೇರೆ.

ಇನ್ನು ಮಾಡಬೇಕಾದ್ದು: ವಾರಕ್ಕೊಂದು ದಿನ 5 ಕಿ.ಮೀ. ಬಿಟ್ಟು, 20 ಮೀಟರ್ ಗೆರೆಗಳ ನಡುವೆ ಒಂದು ನಿಮಿಷ ಜೋರಾಗಿ ಓಡಿ, ಒಂದು ನಿಮಿಷ ನಡೆಯಿರಿ. ಆರು ಸಲದಿಂದ ಶುರು ಮಾಡಿ. ಎದೆ ನೋವು ಅಥವಾ ತಲೆ ಸುತ್ತು ಬಂದರೆ ಅಲ್ಲೇ ನಿಲ್ಲಿ. ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಈ ಟೆಸ್ಟ್‌ಗೆ ಇಳಿಯಲೇಬಾರದು. ಆರೆಂಟು ವಾರ ಬಿಟ್ಟು ಮತ್ತೆ ಓಡುವಾಗ ಅದೇ ನೆಲ, ಅದೇ ಶೂ, ಅದೇ ಬೀಪ್ ಆಡಿಯೊ ಇರಲಿ. ಕೆಲವು ಆಡಿಯೊಗಳು 8ರ ವೇಗದಿಂದ ಶುರುವಾಗಿ ನೇರ 9ಕ್ಕೆ ಹಾರುತ್ತವೆ.