ಸ್ಟಿಕ್ಕರ್ ಇಲ್ಲದ ಬ್ಯಾಟ್, ಗ್ಯಾರಂಟಿ ಕೊಟ್ಟ ಬೆಂಗಳೂರಿಗ

1996ರ ಮಾರ್ಚ್ 9. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ–ಪಾಕಿಸ್ತಾನ ಕ್ವಾರ್ಟರ್ ಫೈನಲ್. ಆಮಿರ್ ಸೊಹೈಲ್ ಬೌಂಡರಿ ಹೊಡೆದು ಬ್ಯಾಟ್ ತೋರಿಸಿದ್ದು, ಮುಂದಿನ ಎಸೆತದಲ್ಲೇ ನಮ್ಮ ವೆಂಕಟೇಶ್ ಪ್ರಸಾದ್ ಸ್ಟಂಪ್ ಎಗರಿಸಿದ್ದು ಎಲ್ಲರಿಗೂ ಬಾಯಿಪಾಠ. ಆ ವಿಶ್ವಕಪ್ಪಿನ ಟಿವಿ ಹಕ್ಕನ್ನು ಕೊಂಡು ದೇಶ ದೇಶಕ್ಕೆ ಮಾರಿದವರೂ ಬೆಂಗಳೂರಿನವರೇ. ಅವರ ಹೆಸರು ಮಾತ್ರ ಈಗ ಯಾರ ಬಾಯಲ್ಲೂ ಇಲ್ಲ. ಮಾರ್ಕ್ ಮಸ್ಕರೇನ್ಹಸ್.

ಆಟಗಾರರ ಒಪ್ಪಂದಗಳನ್ನು ಬರೆಯುವುದು, ಓದುವುದು ನನ್ನ ಕೆಲಸ. ಈ ರಂಗಕ್ಕೆ ಬರಬೇಕು ಅನ್ನುವ ಹುಡುಗ ಹುಡುಗಿಯರು ಆಗಾಗ ಸಿಗುತ್ತಾರೆ. ಸ್ಟಾರ್‌ಗಳ ಪರಿಚಯ ಇದ್ದರೆ ಸಾಕು, ಉಳಿದದ್ದು ತಾನಾಗಿ ಆಗುತ್ತೆ ಅನ್ನೋದು ಹೆಚ್ಚಿನವರ ಲೆಕ್ಕ. ಅವರಿಗೆ ನಾನು ಮಾರ್ಕ್ ಅವರ ಕಥೆ ಹೇಳುತ್ತೇನೆ. ಪರಿಚಯ ಅವರಿಗೂ ಇತ್ತು, ನಿಜ. ಆದರೆ ಅವರು ಗೆದ್ದಿದ್ದು ಬೇರೆಯವರು ಹೊರಲು ಹೆದರಿದ ನಷ್ಟದ ಭಾರವನ್ನು ತಾನು ಹೊತ್ತಿದ್ದರಿಂದ.

ಬೆಂಗಳೂರಿನಲ್ಲಿ ಬೆಳೆದ ಅವರು ಓದಲು ಅಮೆರಿಕಕ್ಕೆ ಹೋದರು. ಸಿಬಿಎಸ್ ಟಿವಿಯ ಕ್ರೀಡಾ ವಿಭಾಗದಲ್ಲಿ ಕೆಲಸ ಮಾಡಿದರು. ಆಮೇಲೆ ಅಲ್ಲೇ ಕನೆಕ್ಟಿಕಟ್‌ನಲ್ಲಿ ವರ್ಲ್ಡ್‌ಟೆಲ್ ಎಂಬ ಸ್ವಂತ ಕಂಪನಿ ಕಟ್ಟಿದರು. ಅಮೆರಿಕದಲ್ಲಿ ಆಟದ ಪ್ರಸಾರ ಹಕ್ಕು ಆಗಲೇ ದೊಡ್ಡ ವ್ಯಾಪಾರ. ಇಲ್ಲಿ ಪರಿಸ್ಥಿತಿ ಉಲ್ಟಾ. ಪಂದ್ಯ ತೋರಿಸಬೇಕಾದರೆ ಕ್ರಿಕೆಟ್ ಮಂಡಳಿಯೇ ದುಡ್ಡು ಕೊಡಬೇಕು ಅಂತ ದೂರದರ್ಶನ ಕೇಳುತ್ತಿದ್ದ ಕಾಲ ಅದು! 1993ರಲ್ಲಿ ಇಂಗ್ಲೆಂಡ್ ತಂಡ ಬಂದಾಗ ಮಂಡಳಿ ಹಕ್ಕನ್ನು ವಿದೇಶಿ ಕಂಪನಿಯೊಂದಕ್ಕೆ ಮಾರಿತು. ಅದೇ ವರ್ಷದ ಹೀರೋ ಕಪ್ ಪ್ರಸಾರದ ಜಗಳ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಪ್ರಸಾರದ ಅಲೆಗಳು ಸಾರ್ವಜನಿಕ ಆಸ್ತಿ, ಅದರ ಮೇಲೆ ಸರ್ಕಾರಕ್ಕೆ ಏಕಸ್ವಾಮ್ಯ ಇಲ್ಲ ಅಂತ 1995ರ ಫೆಬ್ರವರಿಯಲ್ಲಿ ತೀರ್ಪು ಬಂತು. ಬಾಗಿಲು ತೆರೆದಿತ್ತು. ಒಳಗೆ ಎಷ್ಟು ದುಡ್ಡಿದೆ ಅನ್ನೋದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

1996ರ ವಿಶ್ವಕಪ್ಪಿನ ಟಿವಿ ಹಕ್ಕಿಗೆ ಮಾರ್ಕ್ ಒಪ್ಪಿಕೊಂಡ ಮೊತ್ತ 1 ಕೋಟಿ ಡಾಲರ್. ಇದನ್ನು ನಮ್ಮ ಭಾಷೆಯಲ್ಲಿ ಮಿನಿಮಮ್ ಗ್ಯಾರಂಟಿ ಅನ್ನುತ್ತೇವೆ. ಅಂದರೆ, ಚಾನೆಲ್‌ಗಳು ಕೊಂಡರೂ ಕೊಳ್ಳದಿದ್ದರೂ ಈ ದುಡ್ಡು ಸಂಘಟಕರಿಗೆ ಸಿಕ್ಕೇ ಸಿಗುತ್ತದೆ. ಮಳೆ ಬಂದು ಪಂದ್ಯ ನಿಂತರೂ, ಭಾರತ ಬೇಗ ಮನೆಗೆ ಹೋದರೂ ಆ ತಲೆಬಿಸಿ ಗ್ಯಾರಂಟಿ ಕೊಟ್ಟವನದ್ದು. ಹಕ್ಕಿನ ಒಡೆಯನಿಗೆ ನಿದ್ದೆ, ಮಧ್ಯದವನಿಗೆ ಜಾಗರಣೆ. ಮಾವಿನ ತೋಪನ್ನು ಹೂವಿನಲ್ಲೇ ಗುತ್ತಿಗೆ ಹಿಡಿಯುತ್ತಾರಲ್ಲ, ಹಾಗೆಯೇ ಇದು.

ಅದೇ ಲೆಕ್ಕವನ್ನು ಅವರು ಮನುಷ್ಯರಿಗೂ ಹಾಕಿದರು. 1995ರಲ್ಲಿ 22 ವರ್ಷದ ಸಚಿನ್ ತೆಂಡೂಲ್ಕರ್ ಜೊತೆ ಐದು ವರ್ಷದ ಒಪ್ಪಂದ. ಮೊತ್ತ 25ರಿಂದ 30 ಕೋಟಿ ರೂಪಾಯಿ ಅಂತ ಆಗ ವರದಿಯಾಗಿತ್ತು. ಜನ ಬಾಯಿ ಮೇಲೆ ಬೆರಳಿಟ್ಟರು. ಮಾಮೂಲಿ ಏಜೆಂಟ್ ಜಾಹೀರಾತು ತಂದುಕೊಟ್ಟು, ಬಂದ ದುಡ್ಡಿನಲ್ಲಿ ಕಮಿಷನ್ ತೆಗೆದುಕೊಳ್ಳುತ್ತಾನೆ. ಜಾಹೀರಾತು ಬರದಿದ್ದರೆ ಅವನ ಕೈಯಿಂದ ಏನೂ ಹೋಗುವುದಿಲ್ಲ. ಗ್ಯಾರಂಟಿ ಕೊಟ್ಟವನು ಹಾಗೆ ಕೈ ತೊಳೆದುಕೊಳ್ಳುವಂತಿಲ್ಲ. ಆಟಗಾರನಿಗೂ ಇದರಿಂದ ಒಂದು ದೊಡ್ಡ ಲಾಭ ಇದೆ: ಬೇಡ ಅನ್ನಿಸಿದ ಜಾಹೀರಾತಿಗೆ 'ಇಲ್ಲ' ಅನ್ನುವ ಧೈರ್ಯ.

ಆ ವಿಶ್ವಕಪ್ಪಿನ ಹಳೇ ವಿಡಿಯೊ ನೋಡಿ. 523 ರನ್ ಹೊಡೆದು ಟೂರ್ನಿಯಲ್ಲೇ ಮೊದಲಿಗರಾದ ಸಚಿನ್ ಅವರ ಬ್ಯಾಟ್ ಮೇಲೆ ಸ್ಟಿಕ್ಕರ್ ಇಲ್ಲ. ಆಗ ಸಿಗರೇಟ್ ಬ್ರ್ಯಾಂಡ್‌ಗಳು ಬ್ಯಾಟುಗಳ ಮೇಲೆ ರಾರಾಜಿಸುತ್ತಿದ್ದವು. ವಿಶ್ವಕಪ್ಪಿನ ಹೆಸರೇ ವಿಲ್ಸ್! ತಂಬಾಕಿನ ಜಾಹೀರಾತು ಮಾಡುವುದಿಲ್ಲ ಅಂತ ಅಪ್ಪನಿಗೆ ಮಾತು ಕೊಟ್ಟಿದ್ದಾಗಿ ಸಚಿನ್ ಆಮೇಲೆ ಹೇಳಿದ್ದಾರೆ. ನಿರ್ಧಾರ ಅವರದು, ಅದರ ಪುಣ್ಯ ಏಜೆಂಟಿಗೆ ಬೇಡ. ಆದರೆ ನನ್ನ ಕಸುಬಿನ ಕಣ್ಣಿಗೆ ಆ ಬೋಳು ಬ್ಯಾಟ್ ಬೇರೆಯೇ ಕಾಣುತ್ತದೆ. ಅಂಥ ಟೂರ್ನಿಯಲ್ಲಿ ಅಷ್ಟು ಒಳ್ಳೆಯ ಜಾಗ ಖಾಲಿ ಬಿಡಬೇಕಾದರೆ ಹಿಂದೆ ಯಾರೋ ಗಟ್ಟಿಯಾಗಿ ನಿಂತಿರಬೇಕು. ಬಳಿಕ ಅಲ್ಲಿ ಬಂದು ಕೂತದ್ದು ಎಂಆರ್‌ಎಫ್. ಅದು ಎಷ್ಟು ವರ್ಷ ಇತ್ತು ಅಂತ ನಿಮಗೇ ಗೊತ್ತು.

ಅದೇ ಟೂರ್ನಿಯ ಇನ್ನೊಂದು ಜಗಳ ಇವತ್ತಿಗೂ ನನಗೆ ಪಾಠದ ಹಾಗೆ ಉಪಯೋಗಕ್ಕೆ ಬರುತ್ತದೆ. ಅಧಿಕೃತ ಪಾನೀಯದ ಪಟ್ಟಕ್ಕೆ ದುಡ್ಡು ಸುರಿದದ್ದು ಕೋಕಾ ಕೋಲಾ. ಜನರ ಬಾಯಲ್ಲಿ ಉಳಿದದ್ದು ಮಾತ್ರ ಅಧಿಕೃತ ಅನ್ನೋ ಮಾತನ್ನೇ ಗೇಲಿ ಮಾಡಿದ ಪೆಪ್ಸಿ ಜಾಹೀರಾತು. ಅದರಲ್ಲಿ ಸಚಿನ್ ಕೂಡ ಇದ್ದರು. ಕಾನೂನಿನ ಪ್ರಕಾರ ತಪ್ಪೇನೂ ಇಲ್ಲ. ಟೂರ್ನಿಯ ಹೆಸರು ಒಬ್ಬರ ಹಕ್ಕು, ಪಂದ್ಯದ ಚಿತ್ರ ಇನ್ನೊಬ್ಬರದು, ಆಟಗಾರನ ಮುಖ ಮೂರನೆಯವರದು. ಮೂರನ್ನೂ ಒಂದೇ ಅಂತ ತಿಳಿದು ಚೆಕ್ ಬರೆದವರು ಕೆಡುತ್ತಾರೆ. ಆಮೇಲೆ ಈ ಸಂದನ್ನು ಮುಚ್ಚಲು ಐಸಿಸಿ ಹೊರಟಿತು: ಟೂರ್ನಿಯ ಪ್ರಾಯೋಜಕರ ಎದುರಾಳಿ ಬ್ರ್ಯಾಂಡ್‌ಗಳಿಗೆ ಆಟಗಾರರು ಆ ಹೊತ್ತಿನಲ್ಲಿ ಜಾಹೀರಾತು ಮಾಡಬಾರದು ಅಂತ ಷರತ್ತು ಹಾಕಿತು. 2002ರ ಚಾಂಪಿಯನ್ಸ್ ಟ್ರೋಫಿ ಹೊತ್ತಿಗೆ ಭಾರತದ ಆಟಗಾರರೇ ಅದಕ್ಕೆ ಸಹಿ ಹಾಕಲ್ಲ ಅಂತ ಪಟ್ಟು ಹಿಡಿದರು. ನಾವು ಒಪ್ಪಂದದಲ್ಲಿ ಪುಟಗಟ್ಟಲೆ 'ಸ್ಪರ್ಧಿ ಬ್ರ್ಯಾಂಡ್' ಅಂತ ಬರೆಯುತ್ತೇವಲ್ಲ, ಅದಕ್ಕೆ ಇಂಥ ಜಗಳಗಳೇ ಕಾರಣ.

ಬೆಲೆ ಆಮೇಲೆ ಎಲ್ಲಿಗೆ ಹೋಯಿತು ಅಂತ ಹೆಚ್ಚು ಹೇಳಬೇಕಿಲ್ಲ. 2022ರಲ್ಲಿ ಐಪಿಎಲ್‌ನ ಐದು ವರ್ಷದ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ಈಗ ಹರಾಜಿಗೆ ಕೂರುವವರ ಬಳಿ ವೀಕ್ಷಕರ ಲೆಕ್ಕ, ಜಾಹೀರಾತು ದರ, ಹಿಂದಿನ ಸೀಸನ್‌ಗಳ ಕಡತ ಎಲ್ಲ ಇರುತ್ತದೆ. ಮಾರ್ಕ್ ಬಳಿ ಇದ್ದದ್ದು ಅಂದಾಜು ಮಾತ್ರ. ಹಾಗಂತ ಈಗಿನ ಕೆಲಸ ಸುಲಭ ಅಲ್ಲ. ಕಬಡ್ಡಿಗೆ ಟಿವಿಯಲ್ಲಿ ಬೆಲೆ ಇದೆ ಅಂತ, ಪ್ರೊ ಕಬಡ್ಡಿ ಲೀಗ್ ಶುರುವಾದ 2014ಕ್ಕೆ ಮುಂಚೆ ಯಾವ ಕಡತ ಹೇಳಿತ್ತು?

2001ರಲ್ಲಿ ಸಚಿನ್ ಜೊತೆಗಿನ ಒಪ್ಪಂದ ಇನ್ನೂ ದೊಡ್ಡ ಮೊತ್ತಕ್ಕೆ ಮುಂದುವರಿಯಿತು. 2002ರ ಜನವರಿಯಲ್ಲಿ ನಾಗಪುರದ ಹತ್ತಿರ ರಸ್ತೆ ಅಪಘಾತದಲ್ಲಿ ಮಾರ್ಕ್ ತೀರಿಕೊಂಡರು. ಆಗ ಅವರಿಗೆ 44 ವರ್ಷ. ಸಚಿನ್ ವರ್ಲ್ಡ್‌ಟೆಲ್‌ನಲ್ಲೇ ಉಳಿದರು, 2006ರಲ್ಲಿ ಬೇರೆ ಕಂಪನಿಗೆ ಹೋದರು.

ಎಲ್ಲ ಆಟಗಾರರಿಗೂ ಹಾಗೆ ಉಳಿಯುವ ಮನಸ್ಸಿರುವುದಿಲ್ಲ. ಸಹಿ ಕಂಪನಿಯ ಹೆಸರಿಗೆ, ನಂಬಿಕೆ ಮಾತ್ರ ಒಬ್ಬ ವ್ಯಕ್ತಿಯ ಮೇಲೆ. ಆ ವ್ಯಕ್ತಿ ಕಂಪನಿ ಬಿಟ್ಟರೆ ಅಥವಾ ತೀರಿಕೊಂಡರೆ ಆಟಗಾರ ಇಂತಿಷ್ಟು ದಿನದೊಳಗೆ ಹೊರಬರಬಹುದು ಅನ್ನುವ ಒಂದು ಕಲಮು ಇರಬೇಕು. ಹೊಸ ಒಪ್ಪಂದ ಕೈಗೆ ಬಂದಾಗ ಮೊತ್ತದ ಸಾಲು ನೋಡಿದ ಕೂಡಲೇ ನಾನು ಹುಡುಕುವುದು ಅದನ್ನೇ. ಕಂಪನಿಯವರು ಅದನ್ನು ತಾವಾಗಿ ಹಾಕಿ ಕೊಡುವುದು ಅಪರೂಪ, ಕೇಳಿ ಹಾಕಿಸಬೇಕು.