ಮೊದಲ ಮಿಕ್ಸ್ ಕೇಳಿ ಏನು ಹೇಳಬೇಕು

ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯಲ್ಲಿ ಡಿಜೆ ಎಂದೊಡನೆ ಬಹಳ ಜನರ ಕಣ್ಣ ಮುಂದೆ ಬರುವುದು ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಪೇರಿಸಿದ ಸ್ಪೀಕರ್ ಪೆಟ್ಟಿಗೆಗಳು. ‘ಗಣಪ್ಪನ ಮೆರವಣಿಗೆಗೆ ಈ ಸಲ ಡಿಜೆ ಹೇಳೀವಿ’ ಎನ್ನುವವರು ಆ ಪೆಟ್ಟಿಗೆಗಳ ಮಾತನ್ನೇ ಆಡುತ್ತಿರುತ್ತಾರೆ, ಹಾಡಿಗೆ ಹಾಡು ಹೆಣೆಯುವ ಹುಡುಗನ ನೆನಪು ಅಲ್ಲಿ ಯಾರಿಗೂ ಇರುವುದಿಲ್ಲ. ಹೀಗಾಗಿ ತಿಂಗಳುಗಟ್ಟಲೆ ಮೇಲಿನ ಕೋಣೆಯಲ್ಲಿ ಕೂತು ಕಲಿತು, ಹಾಡುಗಳನ್ನು ನಡುವೆ ನಿಲ್ಲದಂತೆ ಹೆಣೆದು ಮೊದಲ ಮಿಕ್ಸ್ ಮಾಡಿದವನು ಅದನ್ನು ಗೆಳೆಯರಿಗೆ ಕೇಳಿಸಿದರೆ ‘ಸೌಂಡ್ ಭಾರಿ ಐತಿ’ ಅಥವಾ ‘ಬೇಸ್ ಸಾಲ್ದು’ ಎಂಬ ಉತ್ತರ ಸಿಗುತ್ತದೆ. ಎರಡೂ ಸ್ಪೀಕರಿಗೆ ಸಲ್ಲುವ ಮಾತುಗಳು. ಅವನ ಕೈಕೆಲಸದ ಬಗ್ಗೆ ಯಾರೂ ಏನನ್ನೂ ಹೇಳಿರುವುದಿಲ್ಲ.

ಬಳ್ಳಾರಿಯ ಮದುವೆ, ಆರತಕ್ಷತೆಗಳಲ್ಲಿ ಸಂಗೀತ ನಡೆಸುತ್ತಾ, ಬಿಡುವಿನ ಸಂಜೆಗಳಲ್ಲಿ ಕಲಿಯಲು ಬಂದವರಿಗೆ ಹೇಳಿಕೊಡುತ್ತಾ ನಾನು ಕಂಡುಕೊಂಡದ್ದು ಇಷ್ಟು: ಅಭಿಪ್ರಾಯದಲ್ಲಿ ಗಡಿಯಾರದ ಹೊತ್ತು ಇರಬೇಕು. ಎಷ್ಟನೆಯ ನಿಮಿಷದ ಎಷ್ಟನೆಯ ಸೆಕೆಂಡಿನಲ್ಲಿ ಕೇಳುಗನ ಮೈ ಹಾಡಿನಿಂದ ಹೊರಬಂತು ಎಂಬುದನ್ನು ಹೇಳದ ಹೊಗಳಿಕೆಯಿಂದಲೂ ತೆಗಳಿಕೆಯಿಂದಲೂ ಕಲಿಯುವವನಿಗೆ ಏನೂ ದಕ್ಕುವುದಿಲ್ಲ. ನನ್ನ ಮೊದಲ ಮಿಕ್ಸ್ ಕೇಳಿದ ಹಿರಿಯರೊಬ್ಬರು ಮೂರನೆಯ ನಿಮಿಷಕ್ಕೇ ಅದನ್ನು ನಿಲ್ಲಿಸಿ ‘ಇದು ನಿನ್ನ ಕೆಲಸ ಅಲ್ಲ’ ಎಂದಿದ್ದರು. ಯಾವ ಜಾಗದಲ್ಲಿ ಎಡವಿದ್ದೆನೆಂದು ಅವರು ತೋರಿಸಿದ್ದರೆ ಒಂದೇ ವಾರದಲ್ಲಿ ತಿದ್ದಿಕೊಳ್ಳಬಹುದಾಗಿದ್ದ ತಪ್ಪನ್ನು ಪತ್ತೆಹಚ್ಚಲು ನನಗೆ ಆರು ತಿಂಗಳು ಹಿಡಿಯಿತು.

ಹೋದ ಬೇಸಿಗೆಯಲ್ಲಿ ಸಿರುಗುಪ್ಪ ಕಡೆಯ ಹುಡುಗನೊಬ್ಬ ಪೆನ್‌ಡ್ರೈವ್ ಹಿಡಿದು ಬಂದಿದ್ದ. ಮಿಕ್ಸ್ 38 ನಿಮಿಷದ್ದು, ಅದರಲ್ಲಿ 13 ಹಾಡುಗಳು. ಲ್ಯಾಪ್‌ಟಾಪ್ ಪರದೆಯನ್ನು ಗೋಡೆಗೆ ತಿರುಗಿಸಿ ಕೇಳಲು ಕೂತೆ, ಏಕೆಂದರೆ ಅಲೆಗಳ ಚಿತ್ರ ಕಣ್ಣಿಗೆ ಕಂಡರೆ ಕಿವಿ ಸೋಮಾರಿಯಾಗುತ್ತದೆ. 11 ನಿಮಿಷ 42 ಸೆಕೆಂಡಿಗೆ ಬಂದಾಗ ತಾಳ ಹಾಕುತ್ತಿದ್ದ ನನ್ನ ಕಾಲು ತಾನಾಗಿ ನಿಂತಿತು. ತೆಲುಗು ಹಾಡಿನ ಗಾಯಕ ಚರಣದ ಕೊನೆಯ ಸಾಲಿನಲ್ಲಿದ್ದಾಗಲೇ ಕನ್ನಡ ಹಾಡಿನ ಪಲ್ಲವಿ ಬಾಯಿ ಹಾಕಿತ್ತು. ಎರಡೂ 128ರ ಬಿಪಿಎಂನಲ್ಲಿದ್ದವು, ಅಂದರೆ ನಿಮಿಷಕ್ಕೆ 128 ಬೀಟು, ಬೀಟಿಗೆ ಬೀಟು ಕೂದಲೆಳೆಯಷ್ಟೂ ಸರಿಯದೆ ಕೂಡಿತ್ತು, ಆದರೂ ಕಿವಿಗೆ ಜಗಳದಂತೆ ಕೇಳಿಸುತ್ತಿತ್ತು. ‘ಅಣ್ಣಾ, ಬೀಟ್ ಕೂಡೇತಲ್ಲ?’ ಎಂದು ಅವನು ಕೇಳಿದ. ಕೂಡಿದ್ದು ನಿಜ. ಆದರೆ ಕುಣಿಯುವ ಹಾಡು ಬೀಟಿನಿಂದ ಬೀಟಿಗೆ ಮಾತ್ರ ನಡೆಯುವುದಿಲ್ಲ. ನಾಲ್ಕು ಬೀಟಿನ ಎಂಟು ಗುಂಪು ಸೇರಿ 32 ಬೀಟಿನ ಒಂದು ವಾಕ್ಯವಾಗುತ್ತದೆ, 128ರ ವೇಗದಲ್ಲಿ ಆ ವಾಕ್ಯ ಸರಿಯಾಗಿ 15 ಸೆಕೆಂಡಿನದು. ಅವನ ಆ ಕನ್ನಡ ಹಾಡು ಎಂಟು ಬೀಟು ಮೊದಲೇ, ವಾಕ್ಯ ಮುಗಿಯುವ ಮುನ್ನ ಒಳಗೆ ಬಂದಿತ್ತು.

ಅದೇ ಜಾಗದಲ್ಲಿ ಇನ್ನೊಂದು ತೊಡಕೂ ಇತ್ತು. ಸುಮಾರು 200 ಹರ್ಟ್ಸ್‌ಗಿಂತ ಕೆಳಗಿನ ಸದ್ದು, ಅಂದರೆ ಎದೆಗೆ ಗುದ್ದುವ ಭಾಗ, ಎರಡೂ ಹಾಡುಗಳಲ್ಲಿ ಪೂರ್ತಿ ತೆರೆದಿತ್ತು. ಎರಡು ಕಿಕ್‌ಗಳು, ಅಂದರೆ ಡ್ರಮ್ಮಿನ ದಪ್ಪ ಪೆಟ್ಟುಗಳು, ಒಂದರ ಮೇಲೊಂದು ಬಿದ್ದಾಗ ಅವುಗಳ ಅಲೆಗಳು ಒಮ್ಮೆ ಕೂಡಿ ಉಬ್ಬುತ್ತವೆ, ಒಮ್ಮೆ ಒಂದನ್ನೊಂದು ಅಳಿಸಿ ಬೀಟನ್ನೇ ಟೊಳ್ಳಾಗಿಸುತ್ತವೆ. ಅವನು ಮಿಕ್ಸ್ ಮಾಡಿದ್ದು ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ, ಆ ಪುಟ್ಟ ಸ್ಪೀಕರಿನಲ್ಲಿ ಈ ಗುದ್ದಾಟ ಕೇಳಿಸುವುದೇ ಇಲ್ಲ. ಒಳಬರುವ ಹಾಡಿನ ಬೇಸ್ ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿ ಇಡಲು ಹೇಳಿದೆ. 32 ಎಣಿಸಿ ಹೊಸ ವಾಕ್ಯದ ‘ಒಂದು’ ಬಿದ್ದ ಕ್ಷಣ ಹಳೆಯದರ ಬೇಸ್ ಇಳಿಸಿ ಹೊಸದರದ್ದನ್ನು ಏರಿಸಬೇಕಿತ್ತು. ಮೊದಲ ಸಲ ಎಣಿಕೆ ತಪ್ಪಿತು, ಎರಡನೆಯ ಸಲ ಕೈ ತಡವಾಯಿತು, ಮೂರನೆಯ ಸಲ ಹಾಡು ಬದಲಾದದ್ದು ಕಾಲಿಗೆ ಗೊತ್ತಾಯಿತೇ ಹೊರತು ಕಿವಿಗೆ ಗೊತ್ತಾಗಲಿಲ್ಲ. ಉಳಿದ ಹನ್ನೊಂದು ಜೋಡಣೆಗಳ ಬಗ್ಗೆ ಆ ದಿನ ನಾನು ಮಾತೇ ಎತ್ತಲಿಲ್ಲ. ಒಂದು ಸಂಜೆಗೆ ಒಂದು ತಿದ್ದುಪಡಿ ಸಾಕು, ಹತ್ತು ತಪ್ಪು ಒಟ್ಟಿಗೆ ಹೇಳಿಸಿಕೊಂಡವನು ಮನೆಗೆ ಹೋಗಿ ಯಾವುದನ್ನೂ ತಿದ್ದುವುದಿಲ್ಲ.

ಅಭಿಪ್ರಾಯ ಹೇಳುವವರಲ್ಲಿ ನನ್ನ ವಿನಂತಿಯೆಂದರೆ, ಮೊದಲ ಸಲ ಕುಣಿಯುವವರಂತೆ ತಡೆಯದೆ ಪೂರ್ತಿ ಕೇಳಿ, ಎರಡನೆಯ ಸಲ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳುತ್ತಾ ಹೊತ್ತು ಬರೆದುಕೊಳ್ಳಿ. ಮೊಬೈಲಿನ ಸ್ಪೀಕರಿನಲ್ಲಿ ಕೇಳಿ ಬೇಸ್ ಬಗ್ಗೆ ತೀರ್ಪು ಕೊಡಬೇಡಿ. ಬೀಟನ್ನು ತಾನೇ ಕೂಡಿಸಿಕೊಡುವ ಗುಂಡಿಯ ಹೆಸರೆತ್ತಿ ‘ಸಿಂಕ್ ಒತ್ತಿದೆಯಾ?’ ಎಂದು ಮಾತು ಆರಂಭಿಸುವುದನ್ನೂ ಬಿಡಬೇಕು. 1979ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್‌ನಲ್ಲಿ ವೇಗವನ್ನು ಶೇ 8ರಷ್ಟು ಹೆಚ್ಚು ಕಡಿಮೆ ಮಾಡುವ ಜಾರುಗುಂಡಿ ಇತ್ತು, ಅಂಥ ಯಂತ್ರಗಳ ಮೇಲೆ ಕಲಿತವರಿಗೆ ಬೀಟು ಕೂಡಿಸುವುದೇ ಅರ್ಧ ವಿದ್ಯೆಯಾಗಿತ್ತು. ಆ ವಿದ್ಯೆಯ ಮೇಲೆ ನನಗೆ ಗೌರವವಿದೆ, ಕೈಯಿಂದ ಕೂಡಿಸುವುದನ್ನು ಪ್ರತಿಯೊಬ್ಬರೂ ಕಲಿಯಬೇಕೆಂದೂ ನಂಬಿದ್ದೇನೆ. ಆದರೆ ಕೇಳುಗನ ಕಿವಿಗೆ ಬಂದದ್ದು ಮಿಕ್ಸ್, ಗುಂಡಿಯಲ್ಲ.

ಕೈಯಿಂದ ಕೂಡಿಸುವುದು ಏಕೆ ಬೇಕೆಂಬುದಕ್ಕೆ ನಮ್ಮ ಹಾಡುಗಳೇ ಉತ್ತರ. 1970ರ ದಶಕದ ಸಿನಿಮಾ ಹಾಡುಗಳನ್ನು ವಾದ್ಯಗಾರರು ಒಟ್ಟಿಗೆ ಕೂತು ನುಡಿಸಿದ್ದರಿಂದ ವೇಗ ಉಸಿರಿನಂತೆ ಏರಿಳಿಯುತ್ತದೆ. ತಂತ್ರಾಂಶ ಇಡೀ ಹಾಡಿಗೆ ಒಂದೇ ಅಂಕಿ ಬರೆದಿಟ್ಟರೂ ಹಾಡು ಅದನ್ನು ಪಾಲಿಸುವುದಿಲ್ಲ. ಅರ್ಧ ಬಿಪಿಎಂ ವ್ಯತ್ಯಾಸವಿದ್ದರೂ ಒಂದು ನಿಮಿಷದಲ್ಲಿ ಎರಡು ಹಾಡುಗಳು ಅರ್ಧ ಬೀಟು ದೂರ ಸರಿದಿರುತ್ತವೆ. ಹಲಗೆಯ ಮೇಲೆ ಬರುವ ಜಾತ್ರೆಯ ಹಾಡುಗಳದ್ದು ಇನ್ನೊಂದು ಬಗೆ. ಅವುಗಳಲ್ಲಿ ಎಷ್ಟೋ ಮೂರು ಮೂರರ ತಿಶ್ರ ನಡೆಯವು, ಮೇಲೆ ಹೇಳಿದ ನೃತ್ಯದ ಹಾಡುಗಳು ನಾಲ್ಕರ ಚತುರಶ್ರ ನಡೆಯವು. ತಿಶ್ರದ ಹಾಡು 90ರಲ್ಲಿದ್ದರೂ ತಂತ್ರಾಂಶ ಒಮ್ಮೊಮ್ಮೆ ಅದನ್ನು ಒಂದೂವರೆ ಪಟ್ಟು ಮಾಡಿ 135 ಎಂದು ಓದುತ್ತದೆ, ಅದನ್ನು ನಂಬಿ ಕೂಡಿಸಿದವನ ಮಿಕ್ಸ್ ಕುಂಟುತ್ತದೆ. ಇಂಥಲ್ಲಿ ನಾನು ಮತ್ತೊಬ್ಬ ಡಿಜೆಗಿಂತ ಹಲಗೆ ಬಾರಿಸುವವರ ಕಿವಿಯನ್ನು ಹೆಚ್ಚು ನಂಬುತ್ತೇನೆ. ನನ್ನ ಪರಿಚಯದ ಕಲಾವಿದರೊಬ್ಬರು ಒಂದು ಮಿಕ್ಸನ್ನು ಚಹಾ ಕುಡಿಯುತ್ತಲೇ ಕೇಳಿ, ‘ಮೂರು ಕಡೆ ಎಡವೇತಿ’ ಎಂದು ಮೂರನ್ನೂ ಬಾಯಿಯಲ್ಲಿ ಹಾಡಿ ತೋರಿಸಿದ್ದರು. ನಾನು ಅವುಗಳಲ್ಲಿ ಎರಡನ್ನಷ್ಟೇ ಗುರುತಿಸಿದ್ದೆ.

ಕೇಳಿಸುವವನೂ ತಯಾರಾಗಿ ಬರಬೇಕು. ಮಿಕ್ಸನ್ನು ಮೊಬೈಲಿನ ಮೈಕಿನಲ್ಲಿ ಹಿಡಿಯದೆ ತಂತ್ರಾಂಶದೊಳಗೇ ರೆಕಾರ್ಡ್ ಮಾಡಬೇಕು, ಮಟ್ಟದ ದೀಪ ಕೆಂಪಿಗೆ ಹೋಗದಂತೆ ನೋಡಿಕೊಳ್ಳಬೇಕು. ಕೆಂಪಿನಲ್ಲಿ ಒಡೆದ ಸದ್ದನ್ನು ಆಮೇಲೆ ಎಷ್ಟು ತಗ್ಗಿಸಿದರೂ ಒಡಕು ಹಾಗೇ ಉಳಿಯುತ್ತದೆ. ತಪ್ಪಿದ ಜಾಗಗಳನ್ನು ಕತ್ತರಿಸಿ ಅಂಟಿಸಿ ತರುವುದಂತೂ ವೈದ್ಯರ ಹತ್ತಿರ ಹೋಗಿ ನೋವನ್ನು ಮುಚ್ಚಿಟ್ಟಂತೆ. ಜೊತೆಗೆ ‘ಹೆಂಗೈತಿ?’ ಎಂದು ಕೇಳಿದರೆ ‘ಚಲೋ ಐತಿ’ ಎಂಬ ಉತ್ತರವೇ ಬರುತ್ತದೆ, ಮನೆಗೆ ಬಂದವನ ಮನಸ್ಸು ನೋಯಿಸುವುದು ನಮ್ಮ ಕಡೆಯವರಿಗೆ ಒಗ್ಗದ ಕೆಲಸ. ‘ಎಲ್ಲಿ ಬೇಜಾರಾಯಿತು, ಎಲ್ಲಿ ಹಾಡು ಬದಲಾದದ್ದು ಎದ್ದು ಕಂಡಿತು’ ಎಂದು ಕೇಳಿದರೆ ಅದೇ ಜನ ಬಾಯಿ ಬಿಡುತ್ತಾರೆ.

ಸಿರುಗುಪ್ಪದ ಹುಡುಗ ಮೂರು ವಾರದ ನಂತರ ಎರಡನೆಯ ರೆಕಾರ್ಡಿಂಗ್ ಕಳಿಸಿದ. ಈ ಸಲ ಜೊತೆಯಲ್ಲಿ ಒಂದು ಚೀಟಿಯ ಫೋಟೋ ಇತ್ತು, ಅದರಲ್ಲಿ ನಾಲ್ಕು ಹೊತ್ತುಗಳನ್ನು ತಾನೇ ಬರೆದು, ಕೊನೆಯದಾದ 26:10ರ ಮುಂದೆ ‘ಇಲ್ಲಿ ಏನೋ ಸರಿ ಇಲ್ಲ, ಏನಂತ ತಿಳೀವಲ್ದು’ ಎಂದು ಸೇರಿಸಿದ್ದ. ಕೇಳಿದೆ. ಬೀಟು ಸರಿಯಿತ್ತು, ವಾಕ್ಯ ಸರಿಯಿತ್ತು, ಬೇಸ್ ಒಂದೇ ಇತ್ತು. ಎರಡು ಹಾಡುಗಳ ಶ್ರುತಿಯ ನಡುವೆ ಅರ್ಧ ಸ್ವರದ ಅಂತರವಿತ್ತು, ಅದನ್ನು ಅವನ ಕಿವಿ ತಾನಾಗಿ ಹಿಡಿದಿತ್ತು. ಮುಂದಿನ ಭಾನುವಾರ ಹಾರ್ಮೋನಿಯಂ ಇರುವ ಮನೆಯಲ್ಲಿ ಕೂರೋಣ ಎಂದು ಅವನಿಗೆ ಬರೆದೆ.