ಕಳೆ ಮದ್ದು ಬಂತು, ಅಕ್ಕಡಿ ಸಾಲು ಹೋಯ್ತು

ರಾಗಿ ಹೊಲದಲ್ಲಿ ಕಾಡು ರಾಗಿ ಅಂತ ಒಂದು ಕಳೆ ಬರುತ್ತದೆ. ತೆನೆ ಹೊರಡುವ ತನಕ ಅದನ್ನು ರಾಗಿ ಪೈರಿನಿಂದ ಬೇರೆ ಮಾಡುವುದು ಕಷ್ಟ. ಹಳೇ ಮೈಸೂರು ಕಡೆಯ ರೈತರು ಅದಕ್ಕೇ ಕೂರಿಗೆಯಲ್ಲಿ, ಅಂದರೆ ಬೀಜ ಬಿತ್ತುವ ಸಾಧನದಲ್ಲಿ, ಸಾಲು ಹಿಡಿದು ಬಿತ್ತುತ್ತಿದ್ದರು. ಸಾಲಿನಲ್ಲಿದ್ದದ್ದು ಬೆಳೆ, ಸಾಲು ಬಿಟ್ಟು ಹುಟ್ಟಿದ್ದು ಕಳೆ. ಪೈರು ಮೂರು ವಾರದ್ದಾದಾಗ ಎತ್ತು ಕಟ್ಟಿ ಸಾಲಿನ ನಡುವೆ ಕಳೆ ಕೀಳುವ ಎಡೆಕುಂಟೆ ಹೊಡೆದರೆ ನಡುವಿನದ್ದೆಲ್ಲ ಬೇರು ಸಮೇತ ಎದ್ದು ಬಿಸಿಲಿಗೆ ಒಣಗುತ್ತಿತ್ತು.

ಕುಂಟೆ ಬಿಟ್ಟುಹೋದ ಕೆಲಸವನ್ನು ಅಕ್ಕಡಿ, ಅಂದರೆ ರಾಗಿ ನಡುವೆ ಬಿತ್ತುವ ಬೇರೆ ಬೆಳೆಯ ಸಾಲು, ಮಾಡುತ್ತಿತ್ತು. ಎಂಟು-ಹತ್ತು ಸಾಲು ರಾಗಿಗೆ ಒಂದೆರಡು ಸಾಲು ಅವರೆ ಅಥವಾ ತೊಗರಿ, ಜೊತೆಗೆ ಹುಚ್ಚೆಳ್ಳು, ಜೋಳ. ರಾಗಿಯ ಎಲೆ ಸಣ್ಣದು, ನೆಟ್ಟಗೆ ನಿಲ್ಲುತ್ತದೆ, ಶುರುವಿನಲ್ಲಿ ನೆಲವೆಲ್ಲ ಬಿಸಿಲು. ಅವರೆ ಹಬ್ಬಿದರೆ ಆ ಜಾಗಕ್ಕೆ ನೆರಳು. ಕುಂಟೆಗೂ ಬಗ್ಗದ ಜೇಕು ಕಳೆ ನೆರಳಲ್ಲಿ ಸೊರಗುತ್ತದೆ. ಮುಂದಿನ ವರ್ಷ ಅದೇ ಹೊಲಕ್ಕೆ ಹುರುಳಿಯೋ ಕಡಲೆಕಾಯಿಯೋ ಬಿದ್ದರೆ ಉಳುವ, ಬಿತ್ತುವ, ಕೊಯ್ಯುವ ಕಾಲವೇ ಬೇರೆ. ಒಂದೇ ಜಾತಿಯ ಕಳೆ ವರ್ಷವರ್ಷವೂ ಬೀಜ ಉದುರಿಸಿ ಹೊಲವನ್ನು ತನ್ನದು ಮಾಡಿಕೊಳ್ಳಲು ಆಗುತ್ತಿರಲಿಲ್ಲ.

ಉಳಿದದ್ದು ಹೆಂಗಸರ ಕೈಗೆ. ಕಿತ್ತದ್ದೆಲ್ಲ ಬದುವಿಗೆ ಹೋಗುತ್ತಿರಲಿಲ್ಲ. ಅಣ್ಣೆ ಸೊಪ್ಪು, ಹೊನಗೊನೆ ಮಡಿಲಿಗೆ ಬಿದ್ದು ಸಂಜೆಗೆ ಬೆರಕೆ ಸೊಪ್ಪಿನ ಸಾರಾಗುತ್ತಿತ್ತು. ಹಾಗಂತ ಆ ಕಾಲವನ್ನು ಸುಮ್ನೆ ಹೊಗಳಲು ನನಗೆ ಮನಸ್ಸಿಲ್ಲ. ದಿನವಿಡೀ ಬಗ್ಗಿ ಕಳೆ ಕಿತ್ತವರ ಸೊಂಟ ನೋವನ್ನು ಯಾರೂ ಕೇಳಲಿಲ್ಲ. ಕೂಲಿಯೂ ಗಂಡಾಳಿಗಿಂತ ಕಮ್ಮಿ.

ಕಳೆನಾಶಕದ ಕತೆ ದೂರದಲ್ಲಿ ಶುರುವಾದದ್ದು. 2,4-ಡಿ ಎರಡನೇ ಮಹಾಯುದ್ಧದ ಹೊತ್ತಿಗೆ ಸಿದ್ಧವಾಯಿತು. 1950ರ ದಶಕದ ಕೊನೆಗೆ ಅಟ್ರಾಜಿನ್, 1974ರಲ್ಲಿ ಗ್ಲೈಫೋಸೇಟ್ ಬಂದವು. 2,4-ಡಿ ಹುಲ್ಲಿನ ಜಾತಿಯ ಬೆಳೆ ಬಿಟ್ಟು ಅಗಲ ಎಲೆಯ ಗಿಡ ಕೊಲ್ಲುತ್ತದೆ. ಆದರೆ ಅವರೆ, ತೊಗರಿ ಕೂಡ ಅಗಲ ಎಲೆಯವೇ ಅಲ್ವಾ? ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳ ಹಬ್ಬಿದಾಗ ಅಟ್ರಾಜಿನ್ ಕೂಡ ಬಂತು. ಅದು ಬಿದ್ದ ಹೊಲದಲ್ಲಿ ಅಕ್ಕಡಿ ಕಾಳು ಬದುಕುವುದು ಕಷ್ಟ. ಎತ್ತು ಮಾರಿ ಆಗಿತ್ತು, ಕುಂಟೆ ಅಟ್ಟ ಸೇರಿತ್ತು, ಮನೆಯ ಹುಡುಗರು ಬೆಂಗಳೂರು ಸೇರಿದ್ದರು. ನನ್ನ ಪ್ರಕಾರ ಮದ್ದು ಬಂದದ್ದು ಕಳೆ ಜಾಸ್ತಿಯಾಗಿ ಅಲ್ಲ, ಆಳು ಕಮ್ಮಿಯಾಗಿ. ಒಮ್ಮೆ ಬಂದ ಮೇಲೆ ಮಿಶ್ರ ಬೆಳೆಗೆ ದಾರಿ ಮುಚ್ಚಿತು.

ಒಂದೇ ಬೆಳೆ, ಒಂದೇ ಮದ್ದು ಅಂತ ಹೊರಟರೆ ಏನಾಗುತ್ತದೆ ಎಂದು ಹರಿಯಾಣದವರು ಬೇಗ ಕಂಡರು. ಅಲ್ಲಿ ವರ್ಷವರ್ಷವೂ ಭತ್ತ, ಅದರ ಹಿಂದೆ ಗೋಧಿ. ಗೋಧಿಯ ಹಾಗೆಯೇ ಕಾಣುವ ಗುಲ್ಲಿಡಂಡಾ ಹುಲ್ಲಿಗೆ ಐಸೊಪ್ರೊಟುರಾನ್ ಹೊಡೆಯುತ್ತಿದ್ದರು. 1990ರ ದಶಕದ ಶುರುವಿಗೆ ಅದು ಮದ್ದಿಗೆ ಸಾಯದಾಯಿತು. ಕಳೆ ಮುಚ್ಚಿದ ಗೋಧಿಯನ್ನು ಕೆಲವರು ಹಸಿಯಾಗಿಯೇ ದನಕ್ಕೆ ಕೊಯ್ದು ಹಾಕಿದರು. ನಡುವೆ ಕಬ್ಬು ಅಥವಾ ಬರ್ಸೀಮ್ ಮೇವು ಬೆಳೆದ ಹೊಲಗಳಲ್ಲಿ ಕಾಟ ಕಮ್ಮಿ ಇತ್ತು. ಬರ್ಸೀಮನ್ನು ಮತ್ತೆ ಮತ್ತೆ ಕೊಯ್ಯುತ್ತಾರೆ. ಆ ಕೊಯ್ಲಿಗೆ ಸಿಕ್ಕ ಹುಲ್ಲು ಬೀಜ ಕಟ್ಟುವುದಾದರೂ ಯಾವಾಗ?

ಆಸ್ಟ್ರೇಲಿಯಾದಲ್ಲಿ ಗ್ಲೈಫೋಸೇಟ್‌ಗೂ ಸಾಯದ ರೈಗ್ರಾಸ್ ಹುಲ್ಲು 1996ರಲ್ಲೇ ವರದಿಯಾಗಿತ್ತು. ಭಾರತ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಗ್ಲೈಫೋಸೇಟ್ ಬಳಕೆಯನ್ನು ಕೀಟ ನಿಯಂತ್ರಣ ನಿರ್ವಾಹಕರಿಗೆ ಮಾತ್ರ ಸೀಮಿತ ಮಾಡಿ ಆದೇಶ ಹೊರಡಿಸಿತು. ಕಾರಣ ಆರೋಗ್ಯದ್ದು, ಕಳೆಯದ್ದಲ್ಲ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಇವತ್ತಿಗೂ ರಾಗಿ ಜೊತೆ ತೊಗರಿ, ಅವರೆ ಬೆಳೆಯಿರಿ ಅನ್ನುತ್ತದೆ. ರೈತ ಎರಡು ಕಡೆ ತಡೆಯುತ್ತಾನೆ. ರಾಗಿಗೆ ಬೆಂಬಲ ಬೆಲೆ ಇದೆ, ಅವರೆಗೆ ಇಲ್ಲ. ಇನ್ನೊಂದು, ಕೊಯ್ಲಿನ ಯಂತ್ರ. ರಾಗಿ ಕೊಯ್ಲಿಗೆ ಬರುವಾಗ ತೊಗರಿ ಇನ್ನೂ ಹಸಿರಾಗಿ ಅಡ್ಡ ನಿಂತಿರುತ್ತದೆ. ಯಂತ್ರದ ಅಗಲ ನೋಡಿಕೊಂಡು ರಾಗಿಯನ್ನು ಪಟ್ಟಿಯಾಗಿ ಬಿತ್ತಿ, ನಡುವೆ ತೊಗರಿ ಬಿಟ್ಟರೆ ಎರಡೂ ಉಳಿಯಬಹುದು. ಎಡೆ ಹೊಡೆಯಲು ಎತ್ತಿಲ್ಲದವರಿಗೆ ಕೈಯಲ್ಲಿ ತಳ್ಳುವ ಸೈಕಲ್ ಕುಂಟೆ, ಎಂಜಿನ್ ಇರುವ ಪವರ್ ವೀಡರ್ ಇವೆ. ಪವರ್ ವೀಡರ್ ಸಣ್ಣ ಹಿಡುವಳಿದಾರನಿಗೆ ದುಬಾರಿ, ಊರಿಗೊಂದು ಬಾಡಿಗೆಗೆ ಸಿಕ್ಕರೂ ಸಾಕು.